ಅಡಿಗೆಮನೆಗೂ ಒಂದು ಪದವಿ

ಹೋಮ್ ಸೈನ್ಸ್ ಅಂದರೆ ಸಾಕು, ನಮ್ಮ ಕಡೆ ಗಂಡಸರಿಗೆ ನಗು. “ಸಾರು ಮಾಡೋಕೂ ಡಿಗ್ರೀನಾ?” ಅಂತ. ನಾವು ಹೆಂಗಸರೂ ಅದಕ್ಕೆ ದನಿ ಸೇರಿಸ್ತೀವಿ ಅನ್ನಿ. ನಮ್ಮ ನಾದಿನಿಯ ಮಗಳು ಆ ಕೋರ್ಸಿಗೆ ಸೇರ್ತೀನಿ ಅಂದಾಗ ಮನೆಯಲ್ಲಿ ಇದೇ ಗಲಾಟೆಯಾಯಿತು. ಆಗ ನಾನು ಆ ಹುಡುಗಿಗೆ ಹಂಸಾ ಮೆಹತಾ ಅವರ ವಿಚಾರ ಹೇಳಿದೆ. ಸೋದರಿಯರೇ, ನಿಮಗೂ ಹೇಳಬೇಕೆನಿಸಿದೆ.

1949ರಲ್ಲಿ ಬರೋಡಾದಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಶುರುವಾದಾಗ ಅದರ ಮೊದಲ ವೈಸ್ ಛಾನ್ಸಲರ್ ಆದವರು ಈಕೆ. ಈಗ ಕುಲಪತಿ ಅಂತೀವಲ್ಲ, ಅದೇ ಹುದ್ದೆ. ಅದಕ್ಕೆ ಮುಂಚೆ ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲೂ ಅದೇ ಕೆಲಸ ನಿಭಾಯಿಸಿದ್ದರು. ಆದರೆ ಅದು ಹೆಂಗಸರದೇ ಸಂಸ್ಥೆ. ಹುಡುಗರೂ ಹುಡುಗಿಯರೂ ಕೂಡಿ ಓದುವ ವಿಶ್ವವಿದ್ಯಾಲಯಕ್ಕೆ ನಮ್ಮ ದೇಶದಲ್ಲಿ ಹೆಂಗಸೊಬ್ಬಳು ಯಜಮಾನಿಯಾದದ್ದು ಬರೋಡಾದಲ್ಲೇ ಮೊದಲು. ಅವರ ಪತಿ ಡಾ. ಜೀವರಾಜ್ ಮೆಹತಾ ಗುಜರಾತಿನ ಮೊದಲ ಮುಖ್ಯಮಂತ್ರಿಯಾದದ್ದು 1960ರಲ್ಲಿ. ಹೆಂಡತಿ 11 ವರ್ಷ ಮುಂದಿದ್ದರು, ನೋಡಿ!

ಆ ಮದುವೆಯೇನೂ ಸುಲಭವಾಗಿ ಆದದ್ದಲ್ಲ. ತಂದೆ ಮನುಭಾಯಿ ಬರೋಡಾದ ದಿವಾನರು. ಮಗಳು ನಾಗರ ಬ್ರಾಹ್ಮಣರ ಹುಡುಗಿ, ವರ ಬನಿಯಾ. ಜಾತಿಯವರು ಕೆರಳಿದರು. ಬೆನ್ನಿಗೆ ನಿಂತವರು ಸ್ವತಃ ಮಹಾರಾಜ ಸಯಾಜಿರಾಯರು. ಕಾಲು ಶತಮಾನದ ಮೇಲೆ ಅದೇ ಮಹಾರಾಜರ ಹೆಸರಿನ ವಿಶ್ವವಿದ್ಯಾಲಯದ ಚುಕ್ಕಾಣಿ ಆಕೆಯ ಕೈಗೆ ಬಂತು.

ಹಂಸಾಬೆನ್ ಮಾತಿನಲ್ಲಿ ಎಷ್ಟು ಎಚ್ಚರವಿತ್ತು ಗೊತ್ತೇ? ವಿಶ್ವಸಂಸ್ಥೆಯಲ್ಲಿ ಮಾನವ ಹಕ್ಕುಗಳ ಘೋಷಣೆಯ ಕರಡು ತಯಾರಾಗುವಾಗ ಅದರಲ್ಲಿ ‘ಎಲ್ಲ ಗಂಡಸರೂ’ ಎಂಬರ್ಥ ಬರುವ ಇಂಗ್ಲಿಷ್ ಪದವಿತ್ತು. ಅದರೊಳಗೆ ಹೆಂಗಸರೂ ಸೇರಿದರು ಅಂದುಕೊಳ್ಳಿ ಎಂದು ಉಳಿದವರ ಸಮಾಧಾನ. ಈಕೆ ಒಪ್ಪಲಿಲ್ಲ. ‘ಎಲ್ಲ ಮಾನವರೂ’ ಎಂದು ತಿದ್ದಿಸಿದರು. 1948ರ ಡಿಸೆಂಬರ್ 10ರಂದು ಅಂಗೀಕಾರವಾದದ್ದು ಆ ಮಾತೇ.

ಇಂಥವರು ತಮ್ಮ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನಕ್ಕೆ ಪ್ರತ್ಯೇಕ ವಿಭಾಗವನ್ನೇ ಕಟ್ಟಿದರು. ಹೋಮ್ ಸೈನ್ಸ್ ಆಗ ಹೊಸದೇನಲ್ಲ. ಅಖಿಲ ಭಾರತ ಮಹಿಳಾ ಸಮ್ಮೇಳನದವರು 1932ರಲ್ಲೇ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತೆರೆದಿದ್ದರು. ಆದರೆ ಬರೋಡಾದಲ್ಲಿ ಅದು ವಿಜ್ಞಾನ, ಕಾನೂನು, ಲಲಿತಕಲೆಗಳ ಸಾಲಿನಲ್ಲೇ ಕೂತಿತು. ಮಗುವಿನ ಬೆಳವಣಿಗೆ, ಆಹಾರದ ಪೌಷ್ಟಿಕತೆ, ಬಟ್ಟೆಯ ನೂಲು-ಬಣ್ಣ, ಮನೆಯ ಖರ್ಚಿನ ಲೆಕ್ಕ, ಎಲ್ಲಕ್ಕೂ ಪಾಠ, ಪರೀಕ್ಷೆ, ಸಂಶೋಧನೆ.

ಇದು ಹೆಣ್ಣನ್ನು ಮತ್ತೆ ಒಲೆಯ ಮುಂದೆ ಕೂರಿಸುವ ಉಪಾಯ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಾಗಿ ಹಿಟ್ಟನ್ನು ಯಾಕೆ ಮೊಳಕೆ ಕಟ್ಟಿದ ಕಾಳಿನಿಂದ ಮಾಡಬೇಕು ಎಂದು ಅಜ್ಜಿಗೆ ಗೊತ್ತಿತ್ತು, ಯಾರೂ ಅವಳನ್ನು ಕೇಳಲಿಲ್ಲ ಅಷ್ಟೆ. ಅದೇ ಮಾತು ಪ್ರಯೋಗಶಾಲೆಯಿಂದ ಬಂದರೆ ಡಾಕ್ಟರೂ ಕಿವಿಗೊಡುತ್ತಾರೆ. ಆದರೂ ಗಂಡುಮಕ್ಕಳೂ ಇದನ್ನು ಓದಿದರೆ ಚೆನ್ನ. ನೀವೇನಂತೀರಿ?

1958ರವರೆಗೆ ಆ ಹುದ್ದೆಯಲ್ಲಿದ್ದರು. ಮರುವರ್ಷ ಪದ್ಮಭೂಷಣ ಬಂತು. 1995ರಲ್ಲಿ ತೀರಿಕೊಂಡರು. ಬರೋಡಾ ವಿಶ್ವವಿದ್ಯಾಲಯದ ದೊಡ್ಡ ಗ್ರಂಥಾಲಯಕ್ಕೆ ಈಗ ಹಂಸಾ ಮೆಹತಾ ಅವರದೇ ಹೆಸರು.