ಕ್ಯಾಥರ್ ಕೋಟೆಗಳ ಸೈಕಲ್ ದಾರಿ

ಕೋಟೆ ಕಟ್ಟಿದವರು ಅತಿಥಿಗಳು ಸುಖವಾಗಿ ಬಂದು ಹೋಗಲೆಂದು ಕಟ್ಟಿದವರಲ್ಲ. ದಕ್ಷಿಣ ಫ್ರಾನ್ಸಿನಲ್ಲಿ, ಪಿರೆನೀಸ್ ಪರ್ವತಗಳ ಉತ್ತರದ ಮಗ್ಗುಲಿನಲ್ಲಿ, ಬಂಡೆಗಳ ನೆತ್ತಿಯ ಮೇಲೆ ನಿಂತ ಕೋಟೆಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಫ್ವಾ ಪಟ್ಟಣಕ್ಕೂ ಮೆಡಿಟರೇನಿಯನ್ ಕಡಲ ದಂಡೆಯ ಪೋರ್-ಲಾ-ನೂವೆಲ್‌ಗೂ ನಡುವೆ ಈ ಕೋಟೆಗಳನ್ನು ಪೋಣಿಸಿಕೊಂಡು ಸಾಗುವ ಕಾಲುದಾರಿಗೆ ‘ಕ್ಯಾಥರ್ ಹಾದಿ’ ಎಂದು ಹೆಸರು. ಉದ್ದ ಸುಮಾರು 250 ಕಿಲೋಮೀಟರು. ನಡೆಯುವವರಿಗೆ ಹನ್ನೆರಡು ದಿನಗಳ ಪಯಣ. ಬೆಟ್ಟದ ಸೈಕಲ್ಲಿನಲ್ಲಾದರೆ ನಾಲ್ಕೇ ದಿನಗಳಲ್ಲಿ ಮುಗಿಸಬಹುದೆಂದು ನಕಾಶೆಯ ಮುಂದೆ ಕುಳಿತವನಿಗೆ ತೋರುವುದು ಸಹಜ. ಆದರೆ ನಕಾಶೆ ಮಲಗಿರುತ್ತದೆ. ಬೆಟ್ಟ ಎದ್ದು ನಿಂತಿರುತ್ತದೆ.

ಕ್ಯಾಥರರೆಂಬವರು ಈ ಜಡಪ್ರಪಂಚವೇ ಕೆಡುಕಿನ ಸೃಷ್ಟಿಯೆಂದು ನಂಬಿದ ಕ್ರೈಸ್ತರು. ರೋಮಿನ ಪೀಠ ಅವರನ್ನು ಧರ್ಮಭ್ರಷ್ಟರೆಂದು ಸಾರಿತು. 1209ರಲ್ಲಿ ಪೋಪ್ ಮೂರನೆಯ ಇನೊಸೆಂಟನ ಕರೆಯ ಮೇರೆಗೆ ಹೊರಟ ಸೈನ್ಯ ಬೇಝಿಯೇ ನಗರದ ಜನರನ್ನು ಕೊಚ್ಚಿಹಾಕಿತು. ಮೊಂಸೆಗ್ಯುರ್ ಕೋಟೆ ಸುಮಾರು ಹತ್ತು ತಿಂಗಳ ಮುತ್ತಿಗೆಯನ್ನು ತಾಳಿಕೊಂಡು 1244ರ ಮಾರ್ಚಿಯಲ್ಲಿ ಶರಣಾಯಿತು. ತಮ್ಮ ನಂಬಿಕೆಯನ್ನು ತೊರೆಯಲೊಪ್ಪದ ಇನ್ನೂರಕ್ಕೂ ಹೆಚ್ಚು ಮಂದಿ ಬೆಂಕಿಗೆ ಆಹುತಿಯಾದರು. ಇಂದು ಅಲ್ಲಿ ನಿಂತಿರುವ ಗೋಡೆಗಳು ಅವರು ಕಂಡ ಗೋಡೆಗಳಲ್ಲ. ಗೆದ್ದವರ ಕಾಲದಲ್ಲಿ ಮತ್ತೆ ಕಟ್ಟಿದವು. ಪೂರ್ವದ ಕೋಟೆಗಳೂ ಹಾಗೆಯೇ. 1258ರ ಒಪ್ಪಂದ ಫ್ರಾನ್ಸಿಗೂ ಆರಗಾನ್ ರಾಜ್ಯಕ್ಕೂ ಗಡಿ ಗೊತ್ತುಮಾಡಿದ ಮೇಲೆ ಫ್ರೆಂಚ್ ಅರಸರು ಅವನ್ನು ಗಡಿಯ ಕಾವಲಿಗೆ ನಿಲ್ಲಿಸಿದರು. 1659ರಲ್ಲಿ ಗಡಿ ಇನ್ನೂ ದಕ್ಷಿಣಕ್ಕೆ ಸರಿಯಿತು. ಕಾಯುವ ಕೆಲಸವಿಲ್ಲದೆ ಕೋಟೆಗಳು ಪಾಳುಬಿದ್ದವು.

ಯಾವ ದಿಕ್ಕಿನಿಂದ ಹೊರಡಬೇಕೆಂಬುದು ಯೋಜನೆಯ ಮೊದಲ ಪ್ರಶ್ನೆ. ವಾಯವ್ಯದಿಂದ ಬೀಸುವ ಬಿರುಗಾಳಿ ಈ ನಾಡಿನಲ್ಲಿ ದಿನಗಟ್ಟಲೆ ನಿಲ್ಲದು. ಆದ್ದರಿಂದ ಕಡಲಿಗೆ ಬೆನ್ನುಮಾಡಿ ಹೊರಡುವುದಕ್ಕಿಂತ ಫ್ವಾದಿಂದ ಕಡಲಿನತ್ತ ಬರುವುದೇ ಲೇಸು. ಗಾಳಿ ಎದೆಗೆ ಬಡಿಯುವ ಬದಲು ಬೆನ್ನನ್ನು ತಳ್ಳುತ್ತದೆ. ಎರಡು ತುದಿಗಳಲ್ಲೂ ರೈಲು ನಿಲ್ದಾಣವಿರುವುದು ಇನ್ನೊಂದು ಅನುಕೂಲ.

ಎಂಟು ದಿನಗಳ ಲೆಕ್ಕ ಹಾಕುವುದು ವಿವೇಕ. ಮೊದಲ ದಿನ ರೋಕ್‌ಫಿಕ್ಸಾದ್ ಪಾಳುಕೋಟೆಯನ್ನು ಹಾದು ಮೊಂಸೆಗ್ಯುರ್ ಹಳ್ಳಿ. ಮರುದಿನ ಬೆಳಗ್ಗೆ ಸೈಕಲ್ಲನ್ನು ಕೆಳಗೇ ಬಿಟ್ಟು, 1,207 ಮೀಟರು ಎತ್ತರದ ಕೋಟೆಗೆ ಅರ್ಧ ಗಂಟೆಯ ಕಡಿದಾದ ಕಾಲ್ನಡಿಗೆ. ಆ ಮೇಲೆ ಪುಯಿವೇರ್ ಕಡೆಗೆ ಪಯಣ. ಅಲ್ಲಿಯ ಗೋಪುರದ ಒಂದು ಕೊಠಡಿಯಲ್ಲಿ ವಾದ್ಯ ನುಡಿಸುವವರ ಎಂಟು ಶಿಲ್ಪಗಳಿವೆ. ಮೂರು ಮತ್ತು ನಾಲ್ಕನೆಯ ದಿನ ಓಡ್ ನದಿಯನ್ನು ದಾಟಿ ಪುಯಿಲೊರಾಂಸ್. ಐದನೆಯ ದಿನ, ಬಂಡೆಯ ಗೋಡೆಯನ್ನು ಕೊರೆದು ದಾರಿಮಾಡಿದ ಗಾಲಾಮ್ಯುಸ್ ಕಮರಿ. ಆರನೆಯ ದಿನ ಪೇರ್‌ಪೆರ್ತ್ಯೂಸ್. ಸುಮಾರು 800 ಮೀಟರು ಎತ್ತರದ ಬಂಡೆಯ ಏಣಿನ ಮೇಲೆ ಹಡಗಿನಂತೆ ಚಾಚಿಕೊಂಡ ಕೋಟೆ ಅದು. ಅದರ ಕಲ್ಲಿನ ಮೆಟ್ಟಿಲುಗಳನ್ನು ಒಂಬತ್ತನೆಯ ಲೂಯಿ ಕಡಿಸಿದನು. ಏಳನೆಯ ದಿನ, 1255ರವರೆಗೆ ಬಗ್ಗದೆ ನಿಂತ ಕೇರಿಬ್ಯೂಸ್. ಎಂಟನೆಯ ದಿನ ಅಗಿಲಾರ್ ಕೋಟೆ, ದ್ರಾಕ್ಷಿ ತೋಟಗಳು, ಕಡಲು. ಉತ್ತರಕ್ಕೆ ಸರಿದಿರುವ ತೆರ್ಮ್ ಕೋಟೆಯನ್ನು ಈ ಪಟ್ಟಿಗೆ ಸೇರಿಸಲು ಮನಸ್ಸು ತುಡಿಯುತ್ತದೆ. ಆದರೆ ಅದಕ್ಕಾಗಿ ಉಳಿದ ಕೋಟೆಗಳ ಸಮಯವನ್ನು ಕಡಿಯಬೇಕಾಗುತ್ತದೆ. ಯಾವುದನ್ನು ಬಿಡಬೇಕೆಂದು ಮೊದಲೇ ನಿಶ್ಚಯಿಸುವುದೂ ಯೋಜನೆಯ ಒಂದು ಭಾಗವೇ.

ಕಾಲುದಾರಿಯೆಲ್ಲವೂ ಸೈಕಲ್ಲಿಗೆ ಒಗ್ಗುವುದಿಲ್ಲ. ಕೆಲವೆಡೆ ಚೂಪುಗಲ್ಲಿನ ಇಳಿಜಾರಿನಲ್ಲಿ ಸೈಕಲ್ಲನ್ನೇ ಹೆಗಲಿಗೇರಿಸಬೇಕು. ಅಂಥ ಕಡೆ ಪಕ್ಕದ ಅರಣ್ಯದ ದಾರಿಯನ್ನೋ ಹಳ್ಳಿಯ ರಸ್ತೆಯನ್ನೋ ಮೊದಲೇ ಗುರುತುಹಾಕಿಕೊಳ್ಳಬೇಕು. ಸುಣ್ಣಕಲ್ಲಿನ ನೆಲವಾದುದರಿಂದ ಬೇಸಿಗೆಯಲ್ಲಿ ಹಳ್ಳಗಳು ಬತ್ತುತ್ತವೆ. ಅಂಗಡಿಯೇ ಇಲ್ಲದ ಹಳ್ಳಿಗಳೂ ಉಂಟು. ಹೆಚ್ಚಿನ ನೀರು, ಒಂದು ಹೊತ್ತಿನ ಬ್ರೆಡ್ಡು, ಎರಡು ಟ್ಯೂಬು, ಹೊಸ ಬ್ರೇಕಿನ ಕಟ್ಟೆಗಳು, ಇವು ಅಂದದ ಉಡುಪಿಗಿಂತ ಮುಖ್ಯ.

ಋತುವಿನ ಆಯ್ಕೆಯಲ್ಲಿ ಮಾತ್ರ ಹುಡುಗಾಟ ಸಲ್ಲದು. 2025ರ ಆಗಸ್ಟಿನಲ್ಲಿ ಕೊರ್ಬಿಯೇರ್ ಬೆಟ್ಟಗಳಲ್ಲಿ ಹೊತ್ತಿದ ಬೆಂಕಿ ಸುಮಾರು 16,000 ಹೆಕ್ಟೇರು ನೆಲವನ್ನು ಸುಟ್ಟು, ಒಂದು ಜೀವವನ್ನೂ ತೆಗೆದುಕೊಂಡಿತು. ಒಣಗಿದ ಪೊದೆ, ಬಿಸಿಲು, ಬಿರುಗಾಳಿ ಕೂಡಿದ ದಿನಗಳಲ್ಲಿ ಅಧಿಕಾರಿಗಳು ಕಾಡಿನ ದಾರಿಗಳನ್ನೇ ಮುಚ್ಚುತ್ತಾರೆ. ಮೇ ತಿಂಗಳು ಅಥವಾ ಸೆಪ್ಟೆಂಬರಿನ ಕೊನೆ ಸೂಕ್ತ ಕಾಲ. ಸಿಡಿಲಿನ ಭಯವಿರುವ ದಿನ ಪೇರ್‌ಪೆರ್ತ್ಯೂಸ್ ಬಂಡೆಯನ್ನು ಹತ್ತಲು ಬಿಡುವುದಿಲ್ಲವಾದುದರಿಂದ, ಒಂದು ದಿನವನ್ನು ಬರಿದಾಗಿಯೇ ಉಳಿಸಿಕೊಳ್ಳುವುದು ಒಳಿತು.

ಇಷ್ಟೆಲ್ಲ ಲೆಕ್ಕಾಚಾರವೂ ವೇಗಕ್ಕಾಗಿಯಲ್ಲ, ಬಿಡುವಿಗಾಗಿ. ಸಂಜೆಗೆ ಇಷ್ಟು ದೂರ ಸೇರಲೇಬೇಕೆಂಬ ಹಟ ತೊಟ್ಟವನಿಗೆ ಕೋಟೆಯೊಂದು ಮೈಲಿಗಲ್ಲಾಗಿಯೇ ಉಳಿಯುತ್ತದೆ. ಸೈಕಲ್ಲನ್ನು ಬಂಡೆಗೆ ಒರಗಿಸಿ ಅರ್ಧ ದಿನ ಮೇಲೆ ಕುಳಿತವನಿಗೆ, ಒಂದು ಕೋಟೆಯ ಕಾವಲುಗಾರ ಇನ್ನೊಂದರತ್ತ ಏಕೆ ದಿಟ್ಟಿಸುತ್ತಿದ್ದನೆಂಬುದು ತಾನಾಗಿಯೇ ಅರ್ಥವಾಗುತ್ತದೆ: ಪೇರ್‌ಪೆರ್ತ್ಯೂಸಿನ ಗೋಡೆಯಿಂದ ಕೇರಿಬ್ಯೂಸಿನ ಗೋಪುರ ಬರಿಗಣ್ಣಿಗೇ ಕಾಣಿಸುತ್ತದೆ.