ಹೊಳೆಯ ನೀರಿಗೆ ಮೂರು ಬಣ್ಣ

ಚಿಮ್ಮಡ ಎರೆಮಣ್ಣಿನ ಊರು. ಸುತ್ತ ಕಬ್ಬು, ಗೋವಿನಜೋಳ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ.

ಮಕ್ಕಳೇ, ಒಂದು ಸೋಜಿಗ ನೋಡಿ. ಮಳೆ ನಮ್ಮಲ್ಲಿ ಸರಿಯಾಗಿ ಹನಿಯದ ವರ್ಷವೂ ಜುಲೈ ಹೊತ್ತಿಗೆ ಕೃಷ್ಣೆ ತುಂಬಿ, ರಾಡಿಯಾಗಿ ಬರುತ್ತಾಳೆ. ಮಳೆ ಬಿದ್ದದ್ದು ದೂರದ ಮಹಾಬಳೇಶ್ವರ, ಕೊಯ್ನಾ ಕಡೆಯ ಘಟ್ಟದಲ್ಲಿ. ಅಲ್ಲಿಯ ಕೆಮ್ಮಣ್ಣು, ದಾರಿಯ ಹೊಲಗಳ ಕರಿಮಣ್ಣು ಎಲ್ಲ ಕಲಸಿ ಇಲ್ಲಿಗೆ ತಲುಪುತ್ತದೆ. ಹಿಂದೆ ಹೊಳೆನೀರಿನ ಕೊಡದಲ್ಲಿ ಪಟಕದ ತುಂಡನ್ನು ನಾಲ್ಕು ಸುತ್ತು ತಿರುಗಿಸಿ ಇಡುತ್ತಿದ್ದರು. ಬೆಳಗಾಗುವುದರಲ್ಲಿ ರಾಡಿಯೆಲ್ಲ ತಳಕ್ಕೆ. ಒಂದನ್ನೊಂದು ದೂಡುತ್ತ ತೇಲುವ ಮಣ್ಣಿನ ಕಣಗಳನ್ನು ಪಟಕ ಗುಂಪು ಕಟ್ಟಿಸುತ್ತದೆ, ಭಾರವಾಗಿ ಕೆಳಗೆ ಕೂರುತ್ತವೆ. ನಿಮ್ಮ ಅಜ್ಜಿಯನ್ನು ಕೇಳಿ, ಇನ್ನೂ ಚೆನ್ನಾಗಿ ಹೇಳುತ್ತಾರೆ.

ದೀಪಾವಳಿ ದಾಟಿತೆಂದರೆ ನೀರು ತಿಳಿ. ಸಂಕ್ರಾಂತಿಗೆ ಎಳ್ಳು ಹಚ್ಚಿಕೊಂಡು ಹೊಳೆಗೆ ಇಳಿದವರಿಗೆ ತಮ್ಮ ಕಾಲ್ಬೆರಳು ಕಾಣುತ್ತದೆ. ತಿಳಿಯಾದದ್ದೆಲ್ಲ ಶುದ್ಧ ಎನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಕರಗಿದ ಉಪ್ಪು ಕಣ್ಣಿಗೆ ಕಾಣುವುದಿಲ್ಲ, ರೋಗಾಣುವೂ ಕಾಣುವುದಿಲ್ಲ.

ಹಿರಿಯರು ಕಂಡ ಬೇಸಿಗೆ ಬೇರೆ. ಹೊಳೆ ಬತ್ತುತ್ತಿತ್ತು, ಮರಳಿನಲ್ಲಿ ವರತೆ ತೋಡಿದರೆ ಮರಳೇ ಸೋಸಿ ಕೊಟ್ಟ ನೀರು. ಆದರೆ ಬೆಳೆಗೆ ಸಾಲುತ್ತಿರಲಿಲ್ಲ. ಅದಕ್ಕೇ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ದುಡಿದು, 1989ರಲ್ಲಿ ಬ್ಯಾರೇಜು ಕಟ್ಟಿದರು. ಅದರ ಹೆಸರು ಶ್ರಮಬಿಂದು ಸಾಗರ. ಎಷ್ಟು ಒಳ್ಳೆಯ ಹೆಸರು! ಮೇಲುಗಡೆ ಹಿಪ್ಪರಗಿ ಬ್ಯಾರೇಜೂ ಬಂತು.

ನಿಂತ ನೀರಿಗೆ ಮೂರನೆಯ ಬಣ್ಣ ಬರುವುದು ಏಪ್ರಿಲ್-ಮೇದಲ್ಲಿ. ಬಿಸಿಲಿಗೆ ನೀರು ಆರುತ್ತದೆ, ಅದರೊಳಗಿನ ಉಪ್ಪು ಆರುವುದಿಲ್ಲ. ಬ್ಯಾಂಕಿನವನ ಮಾತಿನಲ್ಲಿ ಹೇಳುವುದಾದರೆ ಜಮೆ ಕರಗಿತು, ಸಾಲ ಹಾಗೇ ನಿಂತಿತು. ಹೊಲದಿಂದ ಬಸಿದ ಗೊಬ್ಬರ ತಿಂದು ಪಾಚಿ ಕೊಬ್ಬುತ್ತದೆ, ನೀರು ಹಸಿರಾಗುತ್ತದೆ. ಪಾಚಿ ಸತ್ತು ತಳದ ಹೂಳಿನಲ್ಲಿ ಕೊಳೆಯುವಾಗ ಅಲ್ಲಿಯ ಆಮ್ಲಜನಕ ಮುಗಿಯುತ್ತದೆ; ಹೂಳು ಕಪ್ಪಾಗಿ ಕೊಳೆತ ತತ್ತಿಯಂತೆ ನಾರುತ್ತದೆ. ಮಿರಗದ ಹೊಸ ನೀರು ಬಂದಾಗ ಅದೆಲ್ಲ ಒಮ್ಮೆಲೇ ಕದಡುತ್ತದೆ. ಆ ವಾರಗಳಲ್ಲಿ ಕುಡಿಯುವ ನೀರನ್ನು ಕುದಿಸಲೇಬೇಕು.

ಹೊಳೆಯ ಹತ್ತಿರ ಒಬ್ಬರೇ ಹೋಗಬೇಡಿ, ಹೂಳಿನಲ್ಲಿ ಕಾಲು ಸಿಗಿಬೀಳುತ್ತದೆ. ದೊಡ್ಡವರು ತಂದುಕೊಟ್ಟ ನೀರನ್ನು ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಎರಡು ಚಮಚ ಸ್ಟೀಲ್ ತಟ್ಟೆಗೆ ಹಾಕಿ ಬಿಸಿಲಿಗಿಡಿ. ಆಗಸ್ಟಿನಲ್ಲಿ ಒಂದು ತಟ್ಟೆ, ಜನವರಿಯಲ್ಲಿ ಒಂದು, ಮೇ ತಿಂಗಳಲ್ಲಿ ಒಂದು. ಉಳಿದ ಬಿಳಿ ಕಲೆ ಯಾವುದರಲ್ಲಿ ದಪ್ಪ ಎಂದು ತಾರೀಖು ಹಾಕಿ ಬರೆದಿಡಿ.