ಅರ್ಧ ಟಿಕೆಟ್ಟಿನ ರೋಬೋಟು

ಪಾವಗಡ
ರಾತ್ರಿ ಎರಡು ದಾಟಿದೆ

ಅಪ್ಪ,

ಸುಖವಾಗಿ ಬಂದು ಸೇರಿದ್ದೀವಿ ಅಂತ ಮೊದಲು ಅಮ್ಮನಿಗೆ ಹೇಳಿಬಿಡಿ. ಉಳಿದುಕೊಂಡಿರೋದು ನಮ್ಮ ಸರ್ ಅವರ ಅಕ್ಕನ ಮನೆಯಲ್ಲಿ, ಲಾಡ್ಜಲ್ಲಲ್ಲ. ಈ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಅದಕ್ಕೇ ಕುಡಿಯೋಕೆ ಬೇರೆ ಕ್ಯಾನಲ್ಲಿ ಶುದ್ಧ ನೀರು ತರಿಸಿಟ್ಟಿದ್ದಾರೆ. ಹೊಟ್ಟೆಗೂ ಕಡಿಮೆಯಾಗಿಲ್ಲ. ಅಜ್ಜಿಯ ಕಣ್ಣಿನ ಪೊರೆ ಆಪರೇಷನ್ನಿಗೆ ದಿನ ಕೊಟ್ಟರಾ? ನಾನು ಬರಲಿ ಅಂತ ಮುಂದೆ ಹಾಕಬೇಡಿ. ಅಜ್ಜಿ ಹಾಗೆ ಹೇಳಿದ್ರೆ ಅದು ನೆಪ, ಅವರಿಗೆ ಭಯ.

ಇಷ್ಟು ಹೊತ್ತಲ್ಲಿ ಎದ್ದಿರೋದು ಬ್ಯಾಟರಿ ಕಾಯೋಕೆ. ನಮ್ಮದು ಲಿಥಿಯಂ ಪಾಲಿಮರ್ ಬ್ಯಾಟರಿ. ಚಾರ್ಜಿಗೆ ಹಾಕಿ ಮಲಗೋ ಹಾಗಿಲ್ಲ, ಊದಿಕೊಂಡು ಹೊತ್ತಿಕೊಂಡರೆ ಮನೆಯವರಿಗೆ ಏನು ಹೇಳೋದು? ಅದಕ್ಕೇ ಸರದಿ ಮೇಲೆ ಕೂರ್ತೀವಿ. ಈ ಸಾಲು ಅಮ್ಮನಿಗೆ ಓದಿ ಹೇಳಬೇಡಿ.

ತುಮಕೂರಿಂದ ಕೊರಟಗೆರೆ, ಮಧುಗಿರಿ ಮೇಲೆ ಬಂದ್ವಿ. ಮಧುಗಿರಿ ಬೆಟ್ಟ ಬಸ್ಸಿನ ಕಿಟಕಿಯಿಂದಲೇ ನೋಡಿದ್ದಾಯ್ತು: ಒಂದೇ ಬಂಡೆ, ಮೈಮೇಲೆಲ್ಲ ಕೋಟೆ. ಹತ್ತೋ ಆಸೆ ಇತ್ತು, ಸಾಮಾನು ಬಿಟ್ಟು ಹೋಗೋದೆಲ್ಲಿಗೆ?

ಸಾಮಾನಿನ ವಿಷಯಕ್ಕೇ ಬಂದೆ. ಖಾಸಗಿ ಬಸ್ಸು. ರೋಬೋಟನ್ನ ಹಾಸ್ಟೆಲ್ ಬೆಡ್‌ಶೀಟಲ್ಲಿ ಸುತ್ತಿದ್ವಿ. ಅಲ್ಯೂಮಿನಿಯಂ ಚೌಕಟ್ಟು, ನಾಲ್ಕು ರಬ್ಬರ್ ಚಕ್ರ, ಮುಂದೆ ಉದ್ದಕ್ಕೆ ಉರುಳೋ ಬ್ರಶ್ಶು. ಬ್ರಶ್ಶು ಮಾತ್ರ ಬಿಚ್ಚಿ ಬೇರೆ ಕಟ್ಟಿದ್ವಿ.

‘ಏನಿದು, ಗ್ರೈಂಡರಾ?’ ಅಂದ ಕಂಡಕ್ಟರು.

‘ರೋಬೋಟು.’

‘ಟಾಪಿಗೆ ಹಾಕಿ.’

ಟಾಪಿಗೆ ಹಾಕಿದ್ರೆ ಸೆನ್ಸರ್‌ಗಳೆಲ್ಲ ಊರೂರಿಗೊಂದು ಉದುರಿಕೊಂಡು ಹೋಗ್ತವೆ ಅಂತ ಸರ್ ಗೋಗರೆದರು. ಹಾಗಾದ್ರೆ ಸೀಟಿನ ಜಾಗ ಹಿಡಿಯುತ್ತೆ, ಅರ್ಧ ಟಿಕೆಟ್ ಕೊಡಿ ಅಂದ. ನಮ್ಮ ಟೀಮಲ್ಲಿ ಕೋಡಿಂಗ್ ಮಾಡೋ ಹುಡುಗ ಇದಾನಲ್ಲ, ಅವನ ಬಾಯಿ ನಿಮಗೆ ಗೊತ್ತು. ‘ಇದಕ್ಕಿನ್ನೂ ವರ್ಷ ತುಂಬಿಲ್ಲ ಸಾರ್, ಕೂಸಿಗೂ ಟಿಕೆಟ್ಟಾ?’ ಅಂದುಬಿಟ್ಟ. ಬಸ್ಸೆಲ್ಲ ನಕ್ಕಿತು, ಕಂಡಕ್ಟರ್ ನಗಲಿಲ್ಲ. ಕೊರಟಗೆರೆವರೆಗೂ ಜಗ್ಗಾಡಿ ಕೊನೆಗೆ ಅರ್ಧ ಚಾರ್ಜು ಇಸ್ಕೊಂಡೇ ಬಿಟ್ಟ, ಟಿಕೆಟ್ ಮಾತ್ರ ಹರೀಲಿಲ್ಲ. ನನಗೆ ಉರಿದದ್ದು ಅದಕ್ಕೆ. ಲ್ಯಾಬಿನ ದುಡ್ಡು ಅಂದ್ರೆ ಅಟಲ್ ಟಿಂಕರಿಂಗ್ ಯೋಜನೆಯ ದುಡ್ಡು, ಕೇಂದ್ರದಿಂದ ಒಂದು ಶಾಲೆಗೆ 20 ಲಕ್ಷದವರೆಗೆ ಬರುತ್ತೆ. ಕೇಳೋಕೆ ದೊಡ್ಡ ಮೊತ್ತ. ಆದ್ರೆ ರಸೀದಿ ಇಲ್ಲದೆ ಒಂದು ಸ್ಕ್ರೂ ತಗೊಳ್ಳೋಕೂ ಆಗಲ್ಲ. ರೋಬೋಟಿನ ಅರ್ಧ ಟಿಕೆಟ್ಟು ಸರ್ ಜೇಬಿಂದಲೇ ಹೋಯ್ತು.

ಮಧುಗಿರಿಯಲ್ಲಿ ಒಬ್ಬ ಹೆಂಗಸು ಹತ್ತಿದರು. ಅಮ್ಮನಿಗಿಂತ ಸ್ವಲ್ಪ ದೊಡ್ಡವರಿರಬೇಕು. ಬ್ರಶ್ಶು ಜನರ ಕಾಲಿಗೆ ಸಿಕ್ಕಿ ಬಾಗ್ತಿತ್ತು. ‘ಇತ್ತಾಗೆ ಕೊಡವ್ವ, ಕೂದಲು ಮುರೀತದೆ’ ಅಂತ ಅದನ್ನ ಎಳಕೊಂಡು ತೊಡೆಮೇಲೆ ಇಟ್ಟುಕೊಂಡರು. ಪಾವಗಡದವರೆಗೂ ಇಳಿಸಲಿಲ್ಲ. ನಡುವೆ ಆಂಧ್ರದ ನೆಲ ದಾಟಬೇಕಲ್ಲ, ಅಲ್ಲಿ ಹಿಂದಿನ ಸೀಟಿನ ಮುದುಕರ ಜೊತೆ ಒಂದು ಗಳಿಗೆ ತೆಲುಗು ಮಾತಾಡಿ, ಮತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: ‘ಇದ್ಯಾಕೆ, ಪ್ಲೇಟು ತೊಳಿಯಾಕಾ?’

ನನಗೆ ಆಶ್ಚರ್ಯ. ಅವರು ಮಾಡೋದೇ ಆ ಕೆಲಸ. ಸೋಲಾರ್ ಪ್ಯಾನಲ್ಲಿಗೆ ಅವರೆಲ್ಲ ಪ್ಲೇಟು ಅಂತಾರೆ. ಟ್ಯಾಂಕರಿನ ಪೈಪು, ಉದ್ದ ಕೋಲಿನ ವೈಪರು, ದಿನಗೂಲಿ.

ಆಮೇಲೆ ದಾರಿ ಸವೆದದ್ದೇ ತಿಳೀಲಿಲ್ಲ ಅಪ್ಪ. ಬಿಸಿಲೇರಿದ ಮೇಲೆ ನೀರು ಹಾಕಬಾರದು, ಕಾದ ಗಾಜು ಬಿರುಕು ಬಿಡುತ್ತೆ. ಅದಕ್ಕೇ ನಸುಕಲ್ಲಿ, ಇಲ್ಲಾ ಹೊತ್ತು ಮುಳುಗಿದ ಮೇಲೆ ಕೆಲಸ. ನಮ್ಮದು ನೀರು ಬೇಡದ ಯಂತ್ರ ಅಂತ ನಾನು ಹೆಮ್ಮೆಯಿಂದ ಹೇಳಿದೆ. ಅವರು ಬ್ರಶ್ಶಿನ ಕೂದಲ ಮೇಲೆ ಕೈಯಾಡಿಸಿದರು. ‘ಒಣ ಧೂಳು ಇದಕ್ಕೆ ಹೋಯ್ತದೆ. ಇಬ್ಬನಿ ಬಿದ್ದ ಧೂಳು ಮೆತ್ತಿಕೊಳ್ತದೆ. ನಾಕು ಹನಿ ಮಳೆ ಬಿದ್ರೆ ಮುಗೀತು, ಕೆಳಗಿನ ಅಂಚಲ್ಲಿ ಕೆಸರು ಗಟ್ಟಿಯಾಗಿ ಕೂತಿರ್ತದೆ, ಉಗುರಲ್ಲಿ ಕೆರೀಬೇಕು’ ಅಂದರು. ಆ ಕೆಳ ಅಂಚೇ ಮುಖ್ಯ. ಸೆಲ್‌ಗಳೆಲ್ಲ ಸೀರೀಸಲ್ಲಿರೋದು. ಕೆಳಗಿನ ಒಂದು ಸಾಲು ಮುಚ್ಚಿದ್ರೂ ಉಳಿದವುಗಳ ಕರೆಂಟು ಇಳಿಯುತ್ತೆ, ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಬ್ರಶ್ಶು ಮಾತ್ರ ಚೌಕಟ್ಟಿನ ತುಟಿವರೆಗೂ ಹೋಗಿ ನಿಂತುಬಿಡುತ್ತೆ.

ಕೊನೆಗೆ ಇನ್ನೊಂದು ಕೇಳಿದರು: ‘ಒಂದು ಸಾಲು ಮುಗೀತು. ಮುಂದಿನ ಸಾಲಿಗೆ ಎತ್ತಿಡೋರು ಯಾರು?’

ಹುಡುಗ ‘ಅದು ಎರಡನೇ ಹಂತ’ ಅಂದ. ‘ಹಂಗಾರೆ ಮೊದಲನೇ ಹಂತದಾಗೆ ನಾವೇ ಎತ್ತಬೇಕು. ಹಿಡ್ಕಳಾಕೆ ಏನೂ ಇಲ್ವಲ್ಲ ಇದಕ್ಕೆ’ ಅಂದರು.

ಇಳಿಯೋ ಮೊದಲು ಗಂಟು ಬಿಚ್ಚಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟರು. ಮಧುಗಿರಿಯ ಮಗಳ ಮನೆಯಲ್ಲಿ ಸುಟ್ಟದ್ದಂತೆ. ಬೇಡ ಅಂದ್ರೂ ಬಿಡಲಿಲ್ಲ. ಚಟ್ನಿಯಲ್ಲಿ ಬೆಳ್ಳುಳ್ಳಿ ಮುಂದಾಗಿತ್ತು, ನಮ್ಮ ಅರಸೀಕೆರೆ ಕಡೆಯಷ್ಟು ಕಾಯಿ ಇಲ್ಲ. ಮೂರು ಜನ, ಜೊತೆಗೆ ಸರ್ರು, ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೇ ಕೂತು ಮುಗಿಸಿದ್ವಿ. ಸೋಲಾರ್ ಪಾರ್ಕಿಗೆ ಜಮೀನು ಎಷ್ಟು ಕೊಟ್ಟಿದ್ದೀರಿ ಅಂತ ಸರ್ ಕೇಳಿದ್ರು. ‘ನಮಗೆಲ್ಲಿ ಸ್ವಾಮಿ ಜಮೀನು. ಇದ್ದೋರಿಗೆ ವರ್ಷದ ಬಾಡಿಗೆ. ನಾವು ಅವರ ಕಡ್ಲೆಕಾಯಿ ಹೊಲಕ್ಕೆ ಹೋಗ್ತಿದ್ದೋರು’ ಅಂದು ಚೀಲ ಹೆಗಲಿಗೇರಿಸಿ ಹೋದರು.

ಸೋಲಾರ್ ಪಾರ್ಕನ್ನ ತಿರುಮಣಿ ಹತ್ತಿರ ರಸ್ತೆಯಿಂದಲೇ ನೋಡಿದ್ವಿ. ಒಳಗೆ ಹೋಗೋ ಅನುಮತಿ ನಾಳೆಗೆ. ಐದು ಹಳ್ಳಿ, 13,000 ಎಕರೆ, 2,050 ಮೆಗಾವ್ಯಾಟ್. 2018ರಲ್ಲಿ ಶುರುವಾದದ್ದು. ರೈತರ ಭೂಮಿ ಕೊಂಡಿಲ್ಲ, ಗುತ್ತಿಗೆಗೆ ತಗೊಂಡದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭ. ಉಳಿದದ್ದು ಫೋನಲ್ಲೇ ಸಿಗುತ್ತೆ, ತಮ್ಮನಿಗೆ ಹೇಳಿದ್ರೆ ತೋರಿಸ್ತಾನೆ.

ಸಂಜೆ ಇಲ್ಲೇ ಒಂದು ಹೊಲದ ಸೋಲಾರ್ ಪಂಪ್‌ಸೆಟ್ಟಿನ ಪ್ಯಾನಲ್ ಮೇಲೆ ಓಡಿಸಿದ್ವಿ. ನೇರಕ್ಕೆ ಚೆನ್ನಾಗಿ ಹೋಗುತ್ತೆ. ತಿರುಗುವಾಗ ಧೂಳಿನ ಮೇಲೆ ಚಕ್ರ ಹಿಡಿತ ಬಿಟ್ಟು ಇಳಿಜಾರಿಗೆ ಜಾರುತ್ತೆ. ಕರೆಂಟು ಕಡಿದ್ರೆ ಮೋಟರ್ ಹಿಂದಕ್ಕೇ ಉರುಳುತ್ತೆ. ಗುಜರಿ ಅಂಗಡಿಯಲ್ಲಿ ಸಿಗೋ ಕಾರಿನ ವೈಪರ್ ಮೋಟರ್ ಹಾಕಿದ್ರೆ ಹೇಗೆ? 12 ವೋಲ್ಟು, ಒಳಗೆ ವರ್ಮ್ ಗೇರು ಇರೋದ್ರಿಂದ ಕರೆಂಟು ಹೋದ್ರೂ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತೆ. ಆದ್ರೆ ತೂಕ. ಪ್ಯಾನಲ್ ಮೇಲೆ ಭಾರ ಬಿದ್ರೆ ಗಾಜು ನೆಟ್ಟಗೇ ಇರುತ್ತೆ, ಒಳಗಿನ ಸೆಲ್ಲಲ್ಲಿ ಕಣ್ಣಿಗೆ ಕಾಣದ ಸೀಳು ಬಿಡುತ್ತೆ. ಮೋಟರಿನ ಕಾರ್ಬನ್ ಬ್ರಶ್ಶಿಗೆ ಈ ಧೂಳು ಹೊಕ್ಕರೆ ಎಷ್ಟು ದಿನ ಬಾಳುತ್ತೆ? ಇದಕ್ಕೆ ಉತ್ತರ ನಿಮ್ಮ ಹತ್ತಿರ ಬಿಟ್ಟು ಯಾರ ಹತ್ತಿರವೂ ಇಲ್ಲ. ವೈಂಡಿಂಗ್ ಬೆಂಚಿನ ಹಿಂದೆ ಅಂಥ ಒಂದು ಮೋಟರ್ ಬಿದ್ದಿತ್ತಲ್ಲ, ಇನ್ನೂ ಇದೆಯಾ?

ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳು ಸಾರು. ಅದರ ಜೊತೆಗೇ ಜಗಳ. ಎರಡು ಪಕ್ಕಕ್ಕೂ ಹಿಡಿಕೆ ಹಾಕೋಣ, ಇಬ್ಬರು ಎತ್ತೋ ಹಾಗಿರಲಿ ಅಂತ ನಾನು. ಹಿಡಿಕೆ ಕಂಡ್ರೆ ತೀರ್ಪುಗಾರರು ‘ಇದು ಪೂರ್ತಿ ಸ್ವಯಂಚಾಲಿತ ಅಲ್ಲ’ ಅಂತಾರೆ, ಅಂಕ ಹೋಗುತ್ತೆ ಅಂತ ಹುಡುಗ. ವಿಶ್ವ ರೋಬೋಟ್ ಒಲಿಂಪಿಯಾಡಿನಲ್ಲಿ ನಮ್ಮ ವಿಭಾಗಕ್ಕೆ ಯಂತ್ರ ತೋರಿಸಿದ್ರೆ ಸಾಲದು, ಯಾರ ಕಷ್ಟಕ್ಕೆ ಮಾಡಿದ್ದು ಅಂತ ವರದಿ ಬರೀಬೇಕು, ಮಳಿಗೆಯಲ್ಲಿ ನಿಂತು ವಾದಿಸಬೇಕು. ಅಂದಮೇಲೆ ಬಸ್ಸಲ್ಲಿ ಕೇಳಿದ ಪ್ರಶ್ನೆಗೆ ವರದಿಯಲ್ಲಿ ಉತ್ತರ ಬೇಡವೇ? ‘ಎರಡನೇ ಹಂತ’ ಅನ್ನೋದು ಉತ್ತರವಲ್ಲ. ಸರ್ ಯಾರ ಕಡೆಗೂ ಮಾತಾಡದೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು. 2016ರಲ್ಲಿ ಈ ಒಲಿಂಪಿಯಾಡಿನ ಅಂತಿಮ ಸುತ್ತು ದೆಹಲಿಯಲ್ಲೇ ಆಗಿತ್ತು. ಈಗ ಗೆದ್ದರೆ ಹೊರದೇಶ, ಪಾಸ್‌ಪೋರ್ಟಿಗೆ ಏನೇನು ಬೇಕು ಅಂತ ಸುಮ್ಮನೆ ವಿಚಾರಿಸಿಡಿ. ಸುಮ್ಮನೆ.

ವಾಪಸ್ ಬರೋದು ಶಿರಾ ಮೇಲೆ. ಮಲಿಕ್ ರಿಹಾನ್ ಸಮಾಧಿ ನೋಡಬೇಕು ಅಂತ ಟೀಮಿನ ಇನ್ನೊಬ್ಬಳ ಆಸೆ. ನನಗೆ ಕಂಬಳಿ ಕೆಲಸ. ಅಜ್ಜಿಗೆ ಕರೀದು ಬೇಕಾ, ಗೀರು ಇರೋದಾ, ಅಮ್ಮನನ್ನ ಕೇಳಿ ನಾಳೆ ಮಧ್ಯಾಹ್ನದೊಳಗೆ ಸರ್ ಫೋನಿಗೆ ಒಂದು ಮಾತು ಹೇಳಿ. ದುಡ್ಡಿದೆ, ಕಳಿಸಬೇಡಿ. ಹಾಸ್ಟೆಲ್ ಫೀಸು ಮಾತ್ರ ಈ ತಿಂಗಳಲ್ಲೇ.

ಹಿಡಿಕೆಗೆ ಪೈಪು ಯಾವುದು ಒಳ್ಳೇದು? ಅಲ್ಯೂಮಿನಿಯಂ ಆದ್ರೆ ಹಗುರ, ಬಿಸಿಲಿಗೆ ಕೈ ಸುಡುತ್ತೆ. ತಮ್ಮನ ಹಳೇ ಸೈಕಲ್ಲಿನ ರಬ್ಬರ್ ಹಿಡಿ ಬಿಚ್ಚೋಕೆ ಆದ್ರೆ ಅದನ್ನೂ ಮೋಟರ್ ಜೊತೆ ಬಸ್ಸಿಗೆ ಹಾಕಿ, ಆದ್ರೆ ಅವನಿಗೆ ಹೇಳದೆ ಬಿಚ್ಚಬೇಡಿ, ಹೋದ ಸಲ ಪಂಪಿನ ವಾಷರ್‌ಗೆ ಅವನು ಮಾಡಿದ ರಾದ್ಧಾಂತ ನೆನಪಿದೆಯಲ್ಲ.